ಟೊರೆಂಟ್ ದಟ್ಟಣೆ: ರೌಟರಿನಲ್ಲಿ ಗುರುತಿಸಿ ತಡೆಯುವುದೇ, ಗುರುತಿಸದೆ ಹಂಚುವುದೇ?

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ಉಳಿದುಕೊಂಡಿರುವ ಒಂದು ಖಾಸಗಿ ವಸತಿಗೃಹ, ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವವರಿಗಾಗಿ ನಸುಕಿನಿಂದ ರಾತ್ರಿಯವರೆಗೆ ತೆರೆದಿರುವ ಒಂದು ಓದುವ ಕೋಣೆ, ಬನಹಟ್ಟಿಯಲ್ಲಿ ಎಂಟು ಕಂಪ್ಯೂಟರುಗಳಿರುವ ಒಂದು ಪತ್ತಿನ ಸಹಕಾರಿ ಸಂಘ, ಈ ಮೂರು ಕಡೆಯ ನೆಟ್‌ವರ್ಕನ್ನು ನೋಡಿಕೊಳ್ಳುವ ಕೆಲಸ ನನ್ನದು. ಮೂರೂ ಕಡೆಯಿಂದ ಬೇರೆ ಬೇರೆ ಕಾಲಕ್ಕೆ ಒಂದೇ ಬೇಡಿಕೆ ಬಂತು: ರೌಟರಿನಲ್ಲೇ ಟೊರೆಂಟ್ ಬಂದ್ ಮಾಡಿಕೊಡಿ. ವಸತಿಗೃಹದ ಮೇಲ್ವಿಚಾರಕರು ಫೋನಿನಲ್ಲಿ ಹೇಳಿದ್ದು ಹೀಗೆ: "ಸಂಜಿ ಏಳು ಆತಂದ್ರ ನೆಟ್ ಎಳ್ಯಾಂಗಿಲ್ರೀ ಸರ, ಯಾರೋ ಒಬ್ಬಾಂವ ಪಿಚ್ಚರ್ ಇಳಿಸ್ಕೋಂತ ಕುಂತಿರ್ತಾನ."

ಬೇಡಿಕೆ ಒಂದೇ ಆದರೂ ಮೂರು ಕಡೆಗೂ ಮೂರು ಬೇರೆ ಉತ್ತರಗಳನ್ನು ಕೊಡಬೇಕಾಯಿತು. ಟೊರೆಂಟಿನಂತೆ ಬಳಕೆದಾರರ ಯಂತ್ರಗಳೇ ಒಂದಕ್ಕೊಂದು ನೇರವಾಗಿ ಕಡತ ಹಂಚಿಕೊಳ್ಳುವ ಪೀರ್-ಟು-ಪೀರ್ ದಟ್ಟಣೆಯನ್ನು ನಿಭಾಯಿಸಲು ಇಂದು ರೌಟರಿನಲ್ಲಿ ಐದಾರು ದಾರಿಗಳಿವೆ. ಅವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ರೌಟರಿನ ಬೆಲೆಯಿಂದ ತೀರ್ಮಾನವಾಗುವುದಿಲ್ಲ. ತೊಂದರೆ ನಿಜವಾಗಿ ಯಾರಿಗೆ ಆಗುತ್ತಿದೆ, ಆ ತೊಂದರೆಯ ಮೂಲ ಯಾವುದು, ಇವತ್ತು ಹಾಕಿದ ನಿಯಮವನ್ನು ಆರು ತಿಂಗಳ ನಂತರ ಯಾರು ತೆರೆದು ನೋಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಳ್ಳಬೇಕು. ಮೇಲ್ವಿಚಾರಕರ ಮಾತಿನಲ್ಲೇ ನೋಡಿ: ದೂರು ಇರುವುದು ನೆಟ್ ಎಳೆಯುವುದಿಲ್ಲ ಎಂಬುದರ ಬಗ್ಗೆ, ಟೊರೆಂಟ್ ಅದಕ್ಕೆ ಅವರು ಊಹಿಸಿದ ಕಾರಣ. ದೂರನ್ನೂ ಊಹೆಯನ್ನೂ ಬೇರೆ ಬೇರೆಯಾಗಿ ತೂಗುವುದರಿಂದಲೇ ಆಯ್ಕೆ ಆರಂಭವಾಗಬೇಕೆಂದು ನಾನು ನಂಬಿದ್ದೇನೆ.

ರೌಟರಿನ ಕಣ್ಣಿಗೆ ಬೀಳುವುದೇನು

ಬಿಟ್‌ಟೊರೆಂಟ್ ವಿಧಾನವನ್ನು ಬ್ರಾಮ್ ಕೋಹೆನ್ ಎಂಬ ಅಮೆರಿಕದ ಪ್ರೋಗ್ರಾಮರ್ ರೂಪಿಸಿದ್ದು 2001ರಲ್ಲಿ. ಆರಂಭದ ವರ್ಷಗಳಲ್ಲಿ ಅದನ್ನು ಗುರುತಿಸುವುದು ಬಹಳ ಸುಲಭವಾಗಿತ್ತು. ಇಬ್ಬರು ಬಳಕೆದಾರರ ಯಂತ್ರಗಳು ಒಂದಕ್ಕೊಂದು ಸಂಪರ್ಕ ಬೆಳೆಸುವಾಗ ಮೊದಲು ಕಳುಹಿಸುವ ಸಂದೇಶ 68 ಬೈಟುಗಳದ್ದು. ಅದರ ಮೊದಲ ಬೈಟಿನ ಬೆಲೆ 19. ಅದರ ಹಿಂದೆಯೇ 19 ಅಕ್ಷರಗಳಲ್ಲಿ 'ಬಿಟ್‌ಟೊರೆಂಟ್ ಪ್ರೋಟೊಕಾಲ್' ಎಂಬ ಹೆಸರು ಇಂಗ್ಲಿಷಿನಲ್ಲಿ ಹಾಗೆಯೇ ಬರೆದಿರುತ್ತದೆ. ನಂತರ ಮೀಸಲಿಟ್ಟ 8 ಬೈಟುಗಳು, ಇಳಿಸಿಕೊಳ್ಳುತ್ತಿರುವ ಕಡತಗಳ ಗುರುತಾಗಿ 20 ಬೈಟುಗಳು, ಕಳುಹಿಸಿದ ಯಂತ್ರದ ಗುರುತಾಗಿ ಇನ್ನೂ 20 ಬೈಟುಗಳು ಬರುತ್ತವೆ. ವಸತಿಗೃಹದ ಸ್ವಿಚ್ಚಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿ, ನನ್ನದೇ ಇನ್ನೊಂದು ಯಂತ್ರದಿಂದ ಡೆಬಿಯನ್ ಲಿನಕ್ಸಿನ ಡಿಸ್ಕ್ ಪ್ರತಿಯನ್ನು ಟೊರೆಂಟ್ ಮೂಲಕ ಇಳಿಸುತ್ತ ಪ್ಯಾಕೆಟ್ಟುಗಳನ್ನು, ಎಂದರೆ ನೆಟ್‌ವರ್ಕಿನಲ್ಲಿ ಸಾಗುವ ಮಾಹಿತಿಯ ತುಣುಕುಗಳನ್ನು ಹಿಡಿದಾಗ, ಅವನ್ನು ತೋರಿಸುವ ಪರದೆಯ ಬಲಬದಿಯ ಅಂಕಣದಲ್ಲಿ ಆ ಹೆಸರು ಪೂರ್ತಿಯಾಗಿ ಓದಲು ಸಿಕ್ಕಿತು. ರೌಟರಿಗೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಟೊರೆಂಟ್ ಇಳಿಸುವ ಪ್ರೋಗ್ರಾಮಿನ ಆಯ್ಕೆಗಳಲ್ಲಿ ಎನ್‌ಕ್ರಿಪ್ಶನ್ ಕಡ್ಡಾಯ ಎಂದು ಗುರುತು ಹಾಕಿ, ಅದೇ ಕಡತವನ್ನು ಮತ್ತೆ ಇಳಿಸಲು ಆರಂಭಿಸಿದಾಗ ಬಲಬದಿಯ ಅಂಕಣದಲ್ಲಿ ಓದಬಹುದಾದ ಒಂದು ಪದವೂ ಉಳಿಯಲಿಲ್ಲ. ಇದು ಹೊಸ ಸಂಗತಿಯಲ್ಲ. 2006ರ ಹೊತ್ತಿಗಾಗಲೇ ಜನಪ್ರಿಯ ಟೊರೆಂಟ್ ಪ್ರೋಗ್ರಾಮುಗಳು ಮೊದಲ ಪ್ಯಾಕೆಟ್ಟಿನಿಂದಲೇ ಮಾತನ್ನು ಮರೆಮಾಚುವ ವಿಧಾನವನ್ನು ಅಳವಡಿಸಿಕೊಂಡಿದ್ದವು. ಈ ವಿಧಾನದಲ್ಲಿ ಮೊದಲಿಗೆ 96 ಬೈಟುಗಳ ಕೀಲಿ ಹೋಗುತ್ತದೆ. ಅದರ ಬೆನ್ನಿಗೆ ಸೊನ್ನೆಯಿಂದ 512 ಬೈಟುಗಳವರೆಗೆ ಅರ್ಥವಿಲ್ಲದ ತುಂಬಣಿಯನ್ನು ಸೇರಿಸಲಾಗುತ್ತದೆ. ಹೀಗಾಗಿ ಪ್ಯಾಕೆಟ್ಟಿನ ಅಳತೆ ಪ್ರತಿ ಸಲವೂ ಬೇರೆಯಾಗುತ್ತದೆ, ನಮೂನೆಯೆಂದು ಹಿಡಿಯಬಹುದಾದ ಸ್ಥಿರವಾದ ಗುರುತು ಸಿಗುವುದಿಲ್ಲ. ಈ ಮರೆಮಾಚುವಿಕೆ ಬಳಕೆದಾರನ ಗುಟ್ಟನ್ನು ಗಟ್ಟಿಯಾಗಿ ಕಾಯುವಷ್ಟು ಬಲವಾದದ್ದಲ್ಲ, ಆದರೆ ರೌಟರಿನ ಕಣ್ಣು ತಪ್ಪಿಸಲು ಅದು ಸಾಕಾಗುತ್ತದೆ.

ಇದರ ಜೊತೆಗೆ ಇನ್ನೆರಡು ಬದಲಾವಣೆಗಳು ಆಗಿವೆ. ಯಾರ ಬಳಿ ಯಾವ ಕಡತವಿದೆ ಎಂದು ಹೇಳುವ ಟ್ರ್ಯಾಕರ್ ಎಂಬ ನಡುವಿನ ಸರ್ವರಿನ ಅಗತ್ಯವನ್ನು ಡಿಎಚ್‌ಟಿ ವ್ಯವಸ್ಥೆ ಬಹುಮಟ್ಟಿಗೆ ತೆಗೆದುಹಾಕಿದೆ. ಬಳಕೆದಾರರ ಯಂತ್ರಗಳೇ ಮೊದಲು ಸಂಪರ್ಕ ಬೆಳೆಸದೆ ಕಳುಹಿಸುವ ಯುಡಿಪಿ ಎಂಬ ಬಗೆಯ ಸಂದೇಶಗಳ ಮೂಲಕ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಕಡತದ ಸಾಗಣೆಯ ಬಹುಭಾಗ, ತಲುಪಿದ್ದಕ್ಕೆ ಸ್ವೀಕೃತಿ ಪಡೆಯುವ ಟಿಸಿಪಿ ವಿಧಾನದಿಂದ ಯುಟಿಪಿ ಎಂಬ ಯುಡಿಪಿ ಆಧಾರಿತ ವಿಧಾನಕ್ಕೆ ಬದಲಾಗಿದೆ. ಈ ಯುಟಿಪಿ ಲೈನಿನಲ್ಲಿ ಕಾಯುವಿಕೆ 100 ಮಿಲಿಸೆಕೆಂಡಿನತ್ತ ಏರಿದರೆ ತಾನಾಗಿಯೇ ಹಿಂದೆ ಸರಿಯುವಂತೆ ರೂಪುಗೊಂಡಿದೆ. ಒಳ್ಳೆಯ ಉದ್ದೇಶವೇ ಸರಿ. ಆದರೆ ವಿಡಿಯೊ ಕರೆಯಲ್ಲಿ ಇರುವವನಿಗೆ ಆ 100 ಮಿಲಿಸೆಕೆಂಡುಗಳೂ ಹೊರೆಯೇ.

ಪೋರ್ಟ್ ಮುಚ್ಚುವುದು ಮತ್ತು ಹೆಸರು ಮುಚ್ಚುವುದು

ಈ ಎರಡನ್ನು ಬೇಗ ಮುಗಿಸಬಹುದು. ಪೋರ್ಟ್ ಎಂದರೆ ಯಂತ್ರದ ಸಂಪರ್ಕಗಳಿಗೆ ಇರುವ, ಸಂಖ್ಯೆ ಹಾಕಿದ ಬಾಗಿಲು. ಬಿಟ್‌ಟೊರೆಂಟ್ ಎಂದರೆ 6881ರಿಂದ 6889, ಕಡತ ಹಂಚಿಕೆಯ ಹಳೆಯ ಜಾಲಗಳಾದ ಇ-ಡಾಂಕಿ ಎಂದರೆ 4662, ನುಟೆಲ್ಲಾ ಎಂದರೆ 6346 ಎಂಬ ಪಟ್ಟಿ ಇಂದಿಗೂ ಅನೇಕ ರೌಟರುಗಳ ಸಹಾಯಪುಟಗಳಲ್ಲಿ ಉಳಿದುಕೊಂಡಿದೆ. ಈಗಿನ ಪ್ರೋಗ್ರಾಮುಗಳು ತಮಗೆ ಬೇಕಾದ ಪೋರ್ಟನ್ನು ಬಳಸಬಲ್ಲವು, ಎದುರಿನ ಯಂತ್ರವೂ ಹಾಗೆಯೇ. ಆದ್ದರಿಂದ ಈ ಪಟ್ಟಿಯನ್ನು ಮುಚ್ಚಿದರೆ ನಿಯಮಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ದಟ್ಟಣೆ ಕಡಿಮೆಯಾಗುವುದಿಲ್ಲ. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೂಲಕ ಟೊರೆಂಟ್ ತಾಣಗಳ ಹೆಸರುಗಳನ್ನು ತಡೆಯುವುದರಿಂದ ಹೊಸಬರು ಸ್ವಲ್ಪ ಹಿಂಜರಿಯುತ್ತಾರೆ. ಆದರೆ ಕಡತದ ಗುರುತನ್ನು ತನ್ನೊಳಗೇ ಹೊತ್ತಿರುವ ಮ್ಯಾಗ್ನೆಟ್ ಕೊಂಡಿಯೊಂದನ್ನು ಗೆಳೆಯ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದರೆ ತಾಣದ ಅಗತ್ಯವೇ ಇರುವುದಿಲ್ಲ. ಈ ಎರಡು ಉಪಾಯಗಳನ್ನು ಮುಖ್ಯ ರಕ್ಷಣೆಯೆಂದು ಆರಿಸಿಕೊಳ್ಳಬಾರದು. ಒಂದು ಸಣ್ಣ ಕೆಲಸವನ್ನು ಮಾತ್ರ ಎಲ್ಲರೂ ಮಾಡಬೇಕು: ರೌಟರಿನಲ್ಲಿ ಯುಪಿಎನ್‌ಪಿ ಚಾಲೂ ಇದ್ದರೆ ಬಂದ್ ಮಾಡಿಬಿಡಿ. ಅದು ಚಾಲೂ ಇರುವಷ್ಟು ಕಾಲ ಒಳಗಿನ ಯಾವುದೇ ಪ್ರೋಗ್ರಾಮ್ ಯಾರನ್ನೂ ಕೇಳದೆ ಹೊರಗಿನವರಿಗೆ ಬಾಗಿಲು ತೆರೆದುಕೊಡಬಲ್ಲದು.

ನಮೂನೆ ಹೊಂದಿಸುವ ಲೇಯರ್ 7 ನಿಯಮಗಳು

ಬಹಳ ಮಂದಿ ಮೊದಲು ಕೈ ಹಾಕುವುದು ಇದಕ್ಕೇ; ನಾನೂ ಇದಕ್ಕೇ ಕೈ ಹಾಕಿದ್ದೆ. ಲಿನಕ್ಸಿನಲ್ಲಿ ಎಲ್7-ಫಿಲ್ಟರ್ ಮತ್ತು ಐಪಿಪಿ2ಪಿ ಎಂಬ ಎರಡು ಸಾಧನಗಳು ಒಂದು ಕಾಲಕ್ಕೆ ಹೆಸರು ಮಾಡಿದ್ದವು. ಪ್ಯಾಕೆಟ್ಟಿನ ಒಳಗಿನ ಬರಹವನ್ನು ಒಂದು ನಮೂನೆಗೆ ಹೊಂದಿಸಿ ನೋಡುವುದು, ಹೊಂದಿದರೆ ಗುರುತು ಹಾಕಿ ತಡೆಯುವುದು ಅಥವಾ ನಿಧಾನಗೊಳಿಸುವುದು ಅವುಗಳ ಕೆಲಸ. ಮೈಕ್ರೋಟಿಕ್ ರೌಟರುಗಳಲ್ಲಿಯೂ ಲೇಯರ್ 7 ನಿಯಮಗಳಿವೆ. ಅವು ಒಂದು ಸಂಪರ್ಕದ ಮೊದಲ 10 ಪ್ಯಾಕೆಟ್ಟುಗಳನ್ನು ಅಥವಾ ಮೊದಲ 2 ಕೆಬಿಯನ್ನು ಸಂಗ್ರಹಿಸಿ ಅದರಲ್ಲಿ ನಮೂನೆಯನ್ನು ಹುಡುಕುತ್ತವೆ. ಇದೇ ರೌಟರುಗಳಲ್ಲಿ ಪೀರ್-ಟು-ಪೀರ್ ಎಂದು ಒಂದೇ ಪದದಲ್ಲಿ ಆರಿಸಿಕೊಳ್ಳಬಹುದಾದ ಪ್ರತ್ಯೇಕ ಸೌಲಭ್ಯವೂ ಇತ್ತು. ಆ ರೌಟರುಗಳ ತಂತ್ರಾಂಶವಾದ ರೌಟರ್‌ಓಎಸ್‌ನ 6.39ನೇ ಆವೃತ್ತಿಯಲ್ಲಿ ತಯಾರಕರೇ ಅದನ್ನು ಕೈಬಿಟ್ಟರು. ಹಳೆಯ ಟಿಪ್ಪಣಿಗಳನ್ನು ನೋಡಿಕೊಂಡು ಆ ನಿಯಮವನ್ನು ಬರೆಯಲು ಹೋಗುವವರು ಅದು ಎಲ್ಲಿ ಮಾಯವಾಯಿತೆಂದು ಇಂದಿಗೂ ಹುಡುಕುತ್ತಿರುತ್ತಾರೆ.

ಈ ದಾರಿಯ ದೊಡ್ಡ ದೋಷವೆಂದರೆ ಅದು ಕೆಲಸ ಮಾಡುತ್ತಿರುವಂತೆ ತೋರುತ್ತದೆ. ವಸತಿಗೃಹದಲ್ಲಿ ಹ್ಯಾಂಡ್‌ಶೇಕ್ ಎಂಬ ಆ 68 ಬೈಟುಗಳ ಮೊದಲ ಸಂದೇಶದ ನಮೂನೆಗೆ ನಿಯಮ ಹಾಕಿದ ಮೊದಲ ರಾತ್ರಿ ಆ ನಿಯಮದ ಎದುರಿನ ಎಣಿಕೆ ಕಣ್ಣೆದುರೇ ಏರುತ್ತಿತ್ತು, ಅದನ್ನು ನೋಡಿ ನನಗೆ ಸಮಾಧಾನವಾಗಿತ್ತು. ಆದರೆ ಒಟ್ಟು ದಟ್ಟಣೆಯ ಗೆರೆ ಸ್ವಲ್ಪವೂ ಇಳಿದಿರಲಿಲ್ಲ. ಬಯಲು ಸಂಪರ್ಕ ಬಿದ್ದೊಡನೆ ಪ್ರೋಗ್ರಾಮ್ ಎನ್‌ಕ್ರಿಪ್ಟ್ ಮಾಡಿದ ಸಂಪರ್ಕವನ್ನು ಯತ್ನಿಸುತ್ತಿತ್ತು. ನಿಯಮ ಸಾವಿರ ಸಲ ತಡೆದದ್ದು ನಿಜವಾದರೂ ಕಡತ ಇಳಿಯುತ್ತಲೇ ಇತ್ತು. ಎಣಿಕೆ ಏರುವುದನ್ನು ಯಶಸ್ಸೆಂದು ಓದಬಾರದೆಂಬುದು ಆ ರಾತ್ರಿಯೇ ಮನದಟ್ಟಾಯಿತು.

ಇದರ ಬೆಲೆಯೂ ಕಡಿಮೆಯಲ್ಲ. ಪ್ರತಿಯೊಂದು ಹೊಸ ಸಂಪರ್ಕದ ಮೊದಲ ತುಣುಕನ್ನು ನೆನಪಿನಲ್ಲಿಟ್ಟುಕೊಂಡು ನಮೂನೆಗೆ ಹೊಂದಿಸುವ ಹೊರೆಯನ್ನು ನಾಲ್ಕೈದು ಸಾವಿರ ರೂಪಾಯಿಯ ರೌಟರಿನ ಪ್ರೊಸೆಸರ್ ಹೊರಬೇಕಾಗುತ್ತದೆ. ಟೊರೆಂಟ್ ಓಡುವಾಗ ಹೊಸ ಸಂಪರ್ಕಗಳು ಮಳೆಯಂತೆ ಬರುವುದರಿಂದ, ಯಾವ ಹೊತ್ತಿನಲ್ಲಿ ರೌಟರಿಗೆ ಬಿಡುವು ಬೇಕೋ ಅದೇ ಹೊತ್ತಿನಲ್ಲಿ ಅದರ ಉಸಿರು ಕಟ್ಟುತ್ತದೆ. ನನ್ನ ತೀರ್ಮಾನ ಸ್ಪಷ್ಟ: ಹೊಸದಾಗಿ ವ್ಯವಸ್ಥೆ ಮಾಡುವವರು ಲೇಯರ್ 7 ನಮೂನೆಗಳನ್ನು ಟೊರೆಂಟ್ ತಡೆಯುವುದಕ್ಕೆ ಬಳಸಬಾರದು. ಯಾರ ಯಂತ್ರದಲ್ಲಿ ಟೊರೆಂಟ್ ಪ್ರೋಗ್ರಾಮ್ ಇದೆ ಎಂದು ತಿಳಿಯಲು, ತಡೆಯದೆ ಲಾಗ್ (ದಾಖಲೆ) ಮಾತ್ರ ಬರೆಯುವ ನಿಯಮವಾಗಿ ಎರಡು ದಿನ ಇಟ್ಟು ತೆಗೆದುಹಾಕುವುದಾದರೆ ಅಡ್ಡಿಯಿಲ್ಲ.

ಆಳದ ತಪಾಸಣೆ ಮಾಡುವ ಪೆಟ್ಟಿಗೆಗಳು

ಇದು ಅದೇ ವಿಚಾರದ ಬೆಳೆದ ರೂಪ. ಎನ್‌ಡಿಪಿಐ ಎಂಬ ಮುಕ್ತ ತಂತ್ರಾಂಶ ಲೈಬ್ರರಿ, ಸಿಸ್ಕೊ ರೌಟರುಗಳ ಎನ್‌ಬಿಎಆರ್, ಫೋರ್ಟಿಗೇಟ್ ಅಥವಾ ಸೋಫೋಸ್‌ನಂಥ ಫೈರ್‌ವಾಲುಗಳ ಅಪ್ಲಿಕೇಶನ್ ನಿಯಂತ್ರಣ, ಪಿಎಫ್‌ಸೆನ್ಸ್ ಅಥವಾ ಓಪಿಎನ್‌ಸೆನ್ಸ್ ಜೊತೆಗೆ ಕೂರಿಸುವ ಸುರಿಕಾಟಾ, ಇವೆಲ್ಲ ಈ ಸಾಲಿಗೆ ಸೇರುತ್ತವೆ. ಇವು ಒಂದೇ ನಮೂನೆಯನ್ನು ನಂಬಿ ಕೂರುವುದಿಲ್ಲ. ಡಿಎಚ್‌ಟಿ ಸಂದೇಶಗಳ ರಚನೆಯನ್ನು ಇವು ಗುರುತಿಸುತ್ತವೆ. ಎನ್‌ಕ್ರಿಪ್ಟ್ ಆದ ಸಂಪರ್ಕಗಳಲ್ಲಿ ಪ್ಯಾಕೆಟ್ಟುಗಳ ಅಳತೆಯನ್ನೂ ಸರಣಿಯನ್ನೂ ಗಮನಿಸುತ್ತವೆ. ಒಂದೇ ಯಂತ್ರ ಎಷ್ಟು ಬೇರೆ ಬೇರೆ ವಿಳಾಸಗಳೊಡನೆ ಮಾತನಾಡುತ್ತಿದೆ ಎಂಬುದನ್ನೂ ತೂಕಕ್ಕೆ ಹಾಕುವ ಸಾಧನಗಳಿವೆ. ಡಿಎಚ್‌ಟಿ ಸಂದೇಶಗಳು ಇಂದಿಗೂ ಬಹುಪಾಲು ಬಯಲಾಗಿಯೇ ಹರಿಯುವುದರಿಂದ ಈ ಪೆಟ್ಟಿಗೆಗಳಿಗೆ ಒಂದು ಗಟ್ಟಿ ಸುಳಿವು ಸಿಗುತ್ತದೆ. ಗುರುತಿಸುವ ಕೆಲಸವನ್ನೇ ಅಳತೆಗೋಲಾಗಿ ಹಿಡಿದರೆ ಇವುಗಳ ಹತ್ತಿರ ಬರುವ ಬೇರೆ ದಾರಿಯಿಲ್ಲ.

ಆದರೆ ವಾಣಿಜ್ಯ ಪೆಟ್ಟಿಗೆಗಳಲ್ಲಿ ಗುರುತುಗಳ ಪಟ್ಟಿ ಹೊಸದಾಗಿರಲು ವರ್ಷ ವರ್ಷವೂ ಪರವಾನಗಿ ಹಣ ಕಟ್ಟಬೇಕು. ಕಟ್ಟುವುದನ್ನು ನಿಲ್ಲಿಸಿದ ದಿನದಿಂದ ಪಟ್ಟಿ ಹಳೆಯದಾಗುತ್ತ ಹೋಗುತ್ತದೆ. ಮುಕ್ತ ಸಾಧನಗಳಿಗೆ ಹಣ ಬೇಡ, ಆದರೆ ಅವುಗಳ ಎಚ್ಚರಿಕೆಗಳನ್ನು ಓದಿ ಸುಳ್ಳನ್ನು ನಿಜದಿಂದ ಬೇರ್ಪಡಿಸಬಲ್ಲ ಮನುಷ್ಯ ಬೇಕು. ತಪ್ಪು ಗುರುತು ಇಲ್ಲಿ ನಿಜವಾದ ಅಪಾಯ, ಏಕೆಂದರೆ ಪೀರ್-ಟು-ಪೀರ್ ಎಂಬುದು ಟೊರೆಂಟಿಗೆ ಮಾತ್ರ ಸೇರಿದ ಗುಣವಲ್ಲ. ಇಬ್ಬರು ವಾಟ್ಸ್‌ಆ್ಯಪಿನಲ್ಲಿ ಮಾತನಾಡುವಾಗ ಧ್ವನಿ ಸಾಮಾನ್ಯವಾಗಿ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ನೇರವಾಗಿ ಹೋಗುತ್ತದೆ. ವಿಂಡೋಸ್ 10 ಮತ್ತು 11 ತಮ್ಮ ಅಪ್‌ಡೇಟುಗಳನ್ನು ಪಕ್ಕದ ಯಂತ್ರಗಳಿಂದ 7680ನೇ ಪೋರ್ಟಿನ ಮೂಲಕ ಪಡೆಯಬಲ್ಲವು; ಒಂದೇ ಕಟ್ಟಡದಲ್ಲಿ ಇಪ್ಪತ್ತು ಯಂತ್ರಗಳಿದ್ದರೆ ಅದರಿಂದ ಹೊರಗಿನ ಲೈನಿಗೆ ಉಳಿತಾಯವೇ ಆಗುತ್ತದೆ. ಪೀರ್-ಟು-ಪೀರ್ ಎಂಬ ಇಡೀ ವರ್ಗಕ್ಕೆ ಒಂದೇ ಗುಂಡಿ ಒತ್ತಿ ಬೀಗ ಹಾಕುವ ಮೊದಲು ಆ ವರ್ಗದೊಳಗೆ ಏನೇನಿದೆ ಎಂದು ಬಿಡಿಸಿ ನೋಡಬೇಕು. ದಟ್ಟಣೆಯನ್ನೆಲ್ಲ ಎನ್‌ಕ್ರಿಪ್ಟ್ ಮಾಡಿದ ಸುರಂಗದೊಳಗೆ ಸಾಗಿಸುವ ವಿಪಿಎನ್ ಬಳಸುವವನ ಮುಂದೆ ಈ ಪೆಟ್ಟಿಗೆಗಳೂ ಕುರುಡೇ. ಆಗ ವಿಪಿಎನ್ ತಡೆಯಬೇಕೆಂಬ ಇನ್ನೊಂದು ಓಟ ಆರಂಭವಾಗುತ್ತದೆ, ಅದಕ್ಕೆ ಕೊನೆಯಿಲ್ಲ.

ಪೂರ್ಣಾವಧಿಯ ನೆಟ್‌ವರ್ಕ್ ಸಿಬ್ಬಂದಿಯೂ ವಾರ್ಷಿಕ ಬಜೆಟ್ಟೂ ಇರುವ ದೊಡ್ಡ ಕಾಲೇಜಿಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಇದು ತಕ್ಕ ಆಯ್ಕೆ. ನನ್ನ ಮೂರು ಜಾಗಗಳಲ್ಲಿ ಒಂದಕ್ಕೂ ಇದನ್ನು ನಾನು ಸೂಚಿಸಲಿಲ್ಲ.

ಎಲ್ಲವನ್ನೂ ಮುಚ್ಚಿ, ಬೇಕಾದ್ದಷ್ಟನ್ನೇ ತೆರೆಯುವುದು

ಬನಹಟ್ಟಿಯ ಸಹಕಾರಿ ಸಂಘಕ್ಕೆ ನಾನು ಆರಿಸಿದ್ದು ಈ ದಾರಿ. ಅಲ್ಲಿ ಯಾವ ಯಂತ್ರದಲ್ಲಿ ಯಾವ ಕೆಲಸ ನಡೆಯುತ್ತದೆ ಎಂಬುದು ಮೊದಲೇ ಗೊತ್ತಿದೆ: ಬ್ಯಾಂಕಿಂಗ್ ತಂತ್ರಾಂಶ, ಬ್ರೌಸರ್, ಮೇಲ್, ಮುದ್ರಣ. ಹೀಗೆ ಕೆಲಸ ಗೊತ್ತಿರುವಾಗ ಕೆಟ್ಟದ್ದನ್ನು ಹುಡುಕಿ ತಡೆಯುವ ಬದಲು ಒಳ್ಳೆಯದನ್ನು ಹೆಸರಿಸಿ ಬಿಡುವುದು ಸುಲಭ, ಗಟ್ಟಿ ಮತ್ತು ಅಗ್ಗ. ಟೊರೆಂಟನ್ನು ಗುರುತಿಸುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ, ಏಕೆಂದರೆ ಸಾವಿರಾರು ಅಪರಿಚಿತ ಯಂತ್ರಗಳ ಸಾವಿರಾರು ಮೇಲಿನ ಪೋರ್ಟುಗಳಿಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. 443ರಲ್ಲಿ ಕಾದು ಕೂತಿರುವ ಕೆಲವೇ ಕೆಲವು ಯಂತ್ರಗಳು ಸಿಕ್ಕಿದರೂ ಕಡತ ಹನಿ ಹನಿಯಾಗಿ ಬರುತ್ತದೆ, ಬಳಸುವವನಿಗೆ ತಾಳ್ಮೆ ಉಳಿಯುವುದಿಲ್ಲ.

ತೆರೆದ ಪಟ್ಟಿ ಚಿಕ್ಕದು: ಜಾಲತಾಣಗಳಿಗೆ ಟಿಸಿಪಿ 80 ಮತ್ತು 443, ಕ್ವಿಕ್ ವಿಧಾನಕ್ಕಾಗಿ ಯುಡಿಪಿ 443, ಮೇಲ್‌ಗೆ 465, 587 ಮತ್ತು 993, ಗಡಿಯಾರಕ್ಕೆ ಯುಡಿಪಿ 123. ಡಿಎನ್‌ಎಸ್ ವಿಚಾರಣೆಗಳು ರೌಟರಿಗೆ ಮಾತ್ರ ಹೋಗುವಂತೆ ಮಾಡಿ, ಹೊರಗಿನ 53ನೇ ಪೋರ್ಟನ್ನು ಒಳಗಿನ ಯಂತ್ರಗಳಿಗೆ ಮುಚ್ಚಿದೆ. ಇಷ್ಟಕ್ಕೆ ಎಲ್ಲವೂ ಮುಗಿಯಿತೆಂದು ನಾನು ಹೊರಟುಬಂದದ್ದು ತಪ್ಪಾಯಿತು. ಮರುವಾರ ಸಂಘದ ಕಾರ್ಯದರ್ಶಿಗಳು ಲೆಕ್ಕಪರಿಶೋಧಕರೊಡನೆ ವಿಡಿಯೊ ಸಭೆಗೆ ಕೂತಾಗ ಚಿತ್ರ ತಡೆತಡೆದು ಬಂತು. ಧ್ವನಿ ಕಡಿದು ಕಡಿದು ಬಂತು. ಸಭೆಯ ಪ್ರೋಗ್ರಾಮ್ ಯುಡಿಪಿ ದಾರಿ ಸಿಗದೆ ಟಿಸಿಪಿ 443ರ ಮೇಲೆ ಹೇಗೋ ಹೊರಳಿಕೊಂಡು ನಡೆಯುತ್ತಿತ್ತು. ಯುಡಿಪಿ 3478ರಿಂದ 3481, ಗೂಗಲ್ ಮೀಟ್‌ಗಾಗಿ 19302ರಿಂದ 19309, ಜೂಮ್‌ಗಾಗಿ 8801ರಿಂದ 8810 ತೆರೆದ ಮೇಲೆ ಸರಿಹೋಯಿತು. ಆಂಡ್ರಾಯ್ಡ್ ಫೋನುಗಳನ್ನೂ ಇದೇ ನೆಟ್‌ವರ್ಕಿಗೆ ಸೇರಿಸುವುದಾದರೆ ಟಿಸಿಪಿ 5228ರಿಂದ 5230ರವರೆಗೂ ತೆರೆಯಬೇಕು, ಇಲ್ಲದಿದ್ದರೆ ಸಂದೇಶಗಳ ಸೂಚನೆ ತಡವಾಗಿ ಬರುತ್ತದೆ. ಆದ್ದರಿಂದ ಈ ದಾರಿ ಹಿಡಿಯುವವರು ಮೊದಲ ಒಂದು ವಾರ ಕೊನೆಯ ನಿಯಮವನ್ನು ತಡೆಯುವ ನಿಯಮವಾಗಿಸದೆ ಲಾಗ್ ಬರೆಯುವ ನಿಯಮವಾಗಿಯೇ ಇಡಬೇಕು. ಆ ಲಾಗಿನಲ್ಲಿ ಕಾಣುವ ಪ್ರತಿಯೊಂದು ಸಾಲನ್ನೂ ಕಚೇರಿಯವರ ಎದುರು ಕೂತು ಇದು ಯಾತಕ್ಕೆ ಎಂದು ಕೇಳಿಕೊಂಡು, ಆಮೇಲೆ ಬಾಗಿಲು ಹಾಕಬೇಕು.

ಐಪಿವಿ6 ಎಂಬ ಹೊಸ ವಿಳಾಸ ವ್ಯವಸ್ಥೆಯ ಬಗ್ಗೆ ಒಂದು ಎಚ್ಚರಿಕೆ. ಅನೇಕ ಫೈಬರ್ ಸಂಪರ್ಕಗಳಲ್ಲಿ ಅದು ತಾನಾಗಿಯೇ ಬರುತ್ತದೆ. ಐಪಿವಿ4ಕ್ಕೆ ಎಷ್ಟೇ ಬಿಗಿಯಾದ ನಿಯಮ ಬರೆದರೂ, ಐಪಿವಿ6ರ ಪ್ರತ್ಯೇಕ ಪಟ್ಟಿಯನ್ನು ಖಾಲಿ ಬಿಟ್ಟರೆ ಟೊರೆಂಟ್ ಆ ಕಡೆಯಿಂದ ನಿರಾತಂಕವಾಗಿ ಹರಿಯುತ್ತದೆ. ಎರಡೂ ಪಟ್ಟಿಗಳು ಒಂದೇ ರೀತಿ ಇರಬೇಕು.

ವಿಜಯಪುರದ ಓದುವ ಕೋಣೆಗೂ ಇದೇ ದಾರಿಯ ಸ್ವಲ್ಪ ಸಡಿಲ ರೂಪವನ್ನು ಕೊಟ್ಟೆ. ಅಲ್ಲಿಗೆ ಬರುವವರು ವಾಸಕ್ಕೆ ಬರುವವರಲ್ಲ. ಪಾಠದ ವಿಡಿಯೊ, ಹಳೆಯ ಪ್ರಶ್ನೆಪತ್ರಿಕೆ, ಅರ್ಜಿ ತುಂಬುವ ತಾಣ ಇಷ್ಟು ಸಿಕ್ಕರೆ ಅವರ ಕೆಲಸ ನಡೆಯುತ್ತದೆ. ಹಗಲು ಮುಚ್ಚಿದ ಪಟ್ಟಿ, ರಾತ್ರಿ ಒಂಬತ್ತರ ನಂತರ ಸಡಿಲ ಪಟ್ಟಿ ಎಂದು ಸಮಯಕ್ಕೆ ಕಟ್ಟಿದ ನಿಯಮ ಹಾಕಿದೆ. ಇಂಥ ನಿಯಮ ಹಾಕುವವರು ಕರೆಂಟ್ ಹೋಗಿ ಬರುವುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಸಣ್ಣ ರೌಟರುಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಸಾಮಾನ್ಯವಾಗಿ ಇರುವುದಿಲ್ಲ. ಮರಳಿ ಚಾಲೂ ಆದಾಗ ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಸಮಯದ ಸರ್ವರಿನಿಂದ ಸರಿಯಾದ ವೇಳೆ ಸಿಗುವವರೆಗೂ ಹಗಲಿನ ನಿಯಮ ರಾತ್ರಿ, ರಾತ್ರಿಯ ನಿಯಮ ಹಗಲು ನಡೆಯಬಹುದು. ಇದಕ್ಕಾಗಿ ರೌಟರಿಗೆ ಒಂದು ಚಿಕ್ಕ ಯುಪಿಎಸ್ ಜೋಡಿಸಿದೆವು. ಸಮಯದ ಸರ್ವರಿನ ವಿಳಾಸಗಳನ್ನು ಎರಡು ಕೊಟ್ಟೆವು.

ಗುರುತಿಸದೆ ಹಂಚುವುದು

ವಿದ್ಯಾಗಿರಿಯ ವಸತಿಗೃಹಕ್ಕೆ ಮುಚ್ಚಿದ ಪಟ್ಟಿ ಒಪ್ಪುವುದಿಲ್ಲ. ಅದು ಹುಡುಗರ ಮನೆ. ಎಂಜಿನಿಯರಿಂಗ್ ಓದುವವರಿಗೆ ಎಸ್ಎಸ್ಎಚ್ ಬೇಕು, ಗಿಟ್ ಬೇಕು, ಆಟ ಬೇಕು, ಊರಿನಲ್ಲಿರುವ ತಾಯಿಯೊಡನೆ ವಿಡಿಯೊ ಕರೆ ಬೇಕು. ಲಿನಕ್ಸ್ ಡಿಸ್ಕ್ ಪ್ರತಿಯನ್ನು ಟೊರೆಂಟ್ ಮೂಲಕ ಇಳಿಸುವುದು ಪೂರ್ಣ ನ್ಯಾಯಸಮ್ಮತವಾದ ಕೆಲಸ. ಕೃತಿಸ್ವಾಮ್ಯವನ್ನು ಮುರಿದು ಸಿನಿಮಾ ಹಂಚುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅಪರಾಧವಾಗಬಲ್ಲದು ಎಂಬುದನ್ನು ನೋಟೀಸ್ ಬೋರ್ಡಿನಲ್ಲಿ ಬರೆದು, ಸಹಿ ಪಡೆದುಕೊಳ್ಳುವುದು ಆಡಳಿತದ ಕೆಲಸ. ರೌಟರಿನ ಕೆಲಸ ಒಬ್ಬನಿಂದ ಉಳಿದ ನಲವತ್ತು ಮಂದಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು.

ಹಾಗಾದರೆ ಟೊರೆಂಟ್ ಓಡುವಾಗ ಉಳಿದವರಿಗೆ ನೆಟ್ ಏಕೆ ಎಳೆಯುವುದಿಲ್ಲ? ಕಾರಣಗಳು ಎರಡು. ಮೊದಲನೆಯದು ಸಂಪರ್ಕಗಳ ಸಂಖ್ಯೆ. ಕ್ಯುಬಿಟ್‌ಟೊರೆಂಟ್ ಎಂಬ ಜನಪ್ರಿಯ ಪ್ರೋಗ್ರಾಮ್ ಮೂಲ ಹೊಂದಿಕೆಯಲ್ಲೇ 500 ಸಂಪರ್ಕಗಳವರೆಗೆ ಹೋಗಬಲ್ಲದು. ಡಿಎಚ್‌ಟಿ ಹುಡುಕಾಟಗಳು ಅದರ ಮೇಲೆ ಬೇರೆ. ನ್ಯಾಟ್ ಮಾಡುವ, ಎಂದರೆ ಒಂದೇ ಹೊರವಿಳಾಸವನ್ನು ಒಳಗಿನ ಎಲ್ಲ ಯಂತ್ರಗಳಿಗೂ ಬಳಸುವ ರೌಟರು ಪ್ರತಿಯೊಂದು ಸಂಪರ್ಕವನ್ನೂ ಒಂದು ಪಟ್ಟಿಯಲ್ಲಿ ನೆನಪಿಟ್ಟುಕೊಳ್ಳಬೇಕು, ಆ ಪಟ್ಟಿಗೆ ಮಿತಿ ಇದೆ. ಮುಗಿದ ಸಂಪರ್ಕಗಳೂ ಬೇಗ ಅಳಿಯುವುದಿಲ್ಲ: ಸರಿಯಾಗಿ ಮುಚ್ಚದೆ ಬಿಟ್ಟ ಟಿಸಿಪಿ ಸಂಪರ್ಕವನ್ನು ಲಿನಕ್ಸ್ ಕರ್ನಲ್ ತನ್ನ ಮೂಲ ಹೊಂದಿಕೆಯಲ್ಲಿ 5 ದಿನ, ಮೈಕ್ರೋಟಿಕ್ 1 ದಿನ ನೆನಪಿಟ್ಟುಕೊಂಡಿರುತ್ತದೆ. ಪಟ್ಟಿ ತುಂಬಿದರೆ ಹೊಸ ಪುಟ ತೆರೆಯಲು ಜಾಗವೇ ಇರುವುದಿಲ್ಲ. ಲೈನಿನಲ್ಲಿ ವೇಗ ಉಳಿದಿದ್ದರೂ ಬ್ರೌಸರ್ ಸುತ್ತುತ್ತ ಕೂರುತ್ತದೆ. ಎರಡನೆಯದು ಅಪ್‌ಲೋಡ್. ಟೊರೆಂಟ್ ಇಳಿಸುವಷ್ಟೇ ಹುರುಪಿನಿಂದ ಏರಿಸುತ್ತದೆ. ಹೊರಹೋಗುವ ಸರದಿ ತುಂಬಿ ನಿಂತರೆ ಉಳಿದವರ ಚಿಕ್ಕ ಚಿಕ್ಕ ಸ್ವೀಕೃತಿ ಪ್ಯಾಕೆಟ್ಟುಗಳೂ ಅದರ ಹಿಂದೆ ಸಿಕ್ಕಿಕೊಳ್ಳುತ್ತವೆ, ಅದರಿಂದ ಅವರ ಡೌನ್‌ಲೋಡೂ ನಿಲ್ಲುತ್ತದೆ.

ಈ ಎರಡು ಕಾರಣಗಳಿಗೂ ಟೊರೆಂಟನ್ನು ಗುರುತಿಸದೆಯೇ ಮದ್ದು ಹಾಕಬಹುದು. ಮೊದಲನೆಯದಕ್ಕೆ, ಒಂದೊಂದು ಯಂತ್ರಕ್ಕೂ ಏಕಕಾಲಕ್ಕೆ ಇಂತಿಷ್ಟೇ ಸಂಪರ್ಕಗಳೆಂಬ ಮಿತಿ. ಸಾಮಾನ್ಯ ಬಳಕೆಗೆ 200ರಿಂದ 300 ಧಾರಾಳವಾಗಿ ಸಾಕು. 50 ಎಂದು ಬಿಗಿ ಮಾಡಿದರೆ ಹತ್ತಾರು ಚಿತ್ರಗಳಿರುವ ಒಂದು ಸುದ್ದಿತಾಣವೇ ಸರಿಯಾಗಿ ತೆರೆಯದಿರಬಹುದು. ಮಿತಿ ಮೀರಿದ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬೀಳಿಸುವುದಕ್ಕಿಂತ ನಿರಾಕರಣೆಯ ಉತ್ತರ ಕೊಡುವುದು ಮೇಲು, ಏಕೆಂದರೆ ಉತ್ತರ ಸಿಗದ ಪ್ರೋಗ್ರಾಮ್ ಮತ್ತೆ ಮತ್ತೆ ಬಾಗಿಲು ಬಡಿಯುತ್ತದೆ. ಇದರೊಂದಿಗೆ ಟಿಸಿಪಿ ನೆನಪಿನ ಅವಧಿಯನ್ನು ಎರಡು ಗಂಟೆಯ ಸುತ್ತಮುತ್ತಲಿಗೆ ಇಳಿಸಬೇಕು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶ ಬಳಸುವ 7440 ಸೆಕೆಂಡುಗಳು ಒಳ್ಳೆಯ ಅಳತೆ.

ಎರಡನೆಯದಕ್ಕೆ ಮದ್ದು ನ್ಯಾಯವಾದ ಸರದಿ. ಎಫ್‌ಕ್ಯು-ಕೋಡೆಲ್ ಮತ್ತು ಅದರಿಂದ ಬೆಳೆದ ಕೇಕ್ ಎಂಬ ಎರಡು ವಿಧಾನಗಳು ಇಂದು ಓಪನ್‌ಡಬ್ಲ್ಯುಆರ್‌ಟಿಯಲ್ಲಿಯೂ ಮೈಕ್ರೋಟಿಕ್‌ನ 7ನೇ ಆವೃತ್ತಿಯ ರೌಟರ್‌ಓಎಸ್‌ನಲ್ಲಿಯೂ ಉಚಿತವಾಗಿ ಸಿಗುತ್ತವೆ. ಇವುಗಳ ನಡುವೆ ಆರಿಸುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಫ್‌ಕ್ಯು-ಕೋಡೆಲ್ ಹಂಚುವುದು ಸಂಪರ್ಕಗಳ ನಡುವೆ. ಒಬ್ಬನದು 300 ಸಂಪರ್ಕ, ಇನ್ನೊಬ್ಬನದು 3 ಆಗಿದ್ದರೆ ಮೊದಲಿನವನಿಗೆ ನೂರು ಪಾಲು ಸಿಗುತ್ತದೆ. ಮೇಲಾಗಿ ಸರದಿ ಚಿಕ್ಕದಾದಾಗ ಯುಟಿಪಿಗೆ ತಾನು ಹಿಂದೆ ಸರಿಯಬೇಕೆಂಬ ಸೂಚನೆಯೇ ಸಿಗುವುದಿಲ್ಲ, ಏಕೆಂದರೆ ಅದು ನೋಡುತ್ತ ಕೂರುವ 100 ಮಿಲಿಸೆಕೆಂಡಿನ ಕಾಯುವಿಕೆ ಅಲ್ಲಿ ಉಂಟಾಗುವುದೇ ಇಲ್ಲ. ಕೇಕ್ ಮೊದಲು ಯಂತ್ರಗಳ ನಡುವೆ ಹಂಚಿ, ಆಮೇಲೆ ಆ ಯಂತ್ರದ ಪಾಲಿನೊಳಗೆ ಅದರ ಸಂಪರ್ಕಗಳಿಗೆ ಹಂಚಬಲ್ಲದು. ಆದ್ದರಿಂದ ವಸತಿಗೃಹಕ್ಕೆ ಕೇಕ್ ಸರಿಯಾದ ಆಯ್ಕೆ, ಆದರೆ ಹೊರಹೋಗುವ ಕಡೆಗೆ ಮೂಲ ವಿಳಾಸದಂತೆ, ಒಳಬರುವ ಕಡೆಗೆ ಗುರಿ ವಿಳಾಸದಂತೆ ಹಂಚು ಎಂದು ಹೇಳಬೇಕು, ಜೊತೆಗೆ ನ್ಯಾಟ್ ಆಯ್ಕೆಯನ್ನೂ ಚಾಲೂ ಮಾಡಬೇಕು. ಅದನ್ನು ಮರೆತರೆ ಎಲ್ಲ ಹುಡುಗರೂ ರೌಟರಿನ ಒಂದೇ ಹೊರವಿಳಾಸದವರಂತೆ ಕಾಣುತ್ತಾರೆ, ಹಂಚಿಕೆಗೆ ಅರ್ಥ ಉಳಿಯುವುದಿಲ್ಲ. ಹಳೆಯ ಮೈಕ್ರೋಟಿಕ್ ಇದ್ದವರಿಗೆ ಪಿಸಿಕ್ಯು ಎಂಬ ಸರದಿ ಇದೇ ಕೆಲಸವನ್ನು ಸ್ವಲ್ಪ ಒರಟಾಗಿ ಮಾಡಿಕೊಡುತ್ತದೆ.

ಲೆಕ್ಕ ಹೀಗೆ ಬರುತ್ತದೆ. ಲೈನ್ 100 ಎಂಬಿಪಿಎಸ್ ಇದ್ದು, ನಲವತ್ತು ಮಂದಿ ಒಟ್ಟಿಗೆ ಎಳೆದರೆ ತಲಾ 2.5, ಹತ್ತು ಮಂದಿ ಮಾತ್ರ ಎಳೆಯುತ್ತಿದ್ದರೆ ತಲಾ 10. ಯೂಟ್ಯೂಬಿನ 480 ಗುಣಮಟ್ಟದ ವಿಡಿಯೊಗೆ ಸುಮಾರು 1.1 ಎಂಬಿಪಿಎಸ್ ಸಾಕು. ಎಲ್ಲರೂ ಕೂತ ಹೊತ್ತಿನಲ್ಲಿಯೂ ಪಾಠ ನಿಲ್ಲುವುದಿಲ್ಲ, ಯಾರೂ ಇಲ್ಲದ ನಡುರಾತ್ರಿ ಟೊರೆಂಟ್ ಹುಡುಗನಿಗೆ ಇಡೀ ಲೈನ್ ಸಿಗುತ್ತದೆ. ಯಾರಿಗೂ ಅನ್ಯಾಯವಿಲ್ಲದ ಈ ಗುಣವೇ ನನಗೆ ಈ ದಾರಿಯನ್ನು ಇಷ್ಟವಾಗಿಸಿದ್ದು. ಯಾರು ಏನು ನೋಡುತ್ತಿದ್ದಾರೆ ಎಂದು ಇಣುಕುವ ಅಗತ್ಯವೂ ಇದರಲ್ಲಿಲ್ಲ.

ಎರಡು ಕಡೆ ಎಡವುವ ಸಾಧ್ಯತೆ ಇದೆ. ಸರದಿಯ ಮಿತಿಯನ್ನು ಲೈನಿನ ನಿಜವಾದ ವೇಗದ ಶೇಕಡಾ 90ರ ಆಸುಪಾಸಿಗೆ ಇಡಬೇಕು, ಇಲ್ಲವಾದರೆ ಸಾಲು ನಮ್ಮ ರೌಟರಿನಲ್ಲಿ ನಿಲ್ಲದೆ ಸಂಪರ್ಕ ಕೊಟ್ಟವರ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ, ಅಲ್ಲಿ ನಮ್ಮ ನ್ಯಾಯ ನಡೆಯುವುದಿಲ್ಲ. ಇನ್ನೊಂದು, ಮೈಕ್ರೋಟಿಕ್‌ನ ಫಾಸ್ಟ್‌ಟ್ರ್ಯಾಕ್ ನಿಯಮ ಚಾಲೂ ಇದ್ದರೆ ಪ್ಯಾಕೆಟ್ಟುಗಳು ಸಿಂಪಲ್ ಕ್ಯೂ ಎಂಬ ಸರದಿಗಳನ್ನು ತಪ್ಪಿಸಿಕೊಂಡು ಹೋಗಿಬಿಡುತ್ತವೆ. ಓಪನ್‌ಡಬ್ಲ್ಯುಆರ್‌ಟಿಯ ಫ್ಲೋ ಆಫ್‌ಲೋಡಿಂಗ್ ಕೂಡ ಹಾಗೆಯೇ. ಇವನ್ನು ಬಂದ್ ಮಾಡಿದಾಗ ಪ್ರೊಸೆಸರಿನ ಮೇಲಿನ ಹೊರೆ ಹೆಚ್ಚುತ್ತದೆ, ಆದ್ದರಿಂದ 100 ಎಂಬಿಪಿಎಸ್ ಲೈನಿಗೆ ಸಾಕಾದ ರೌಟರು 300ಕ್ಕೆ ಸಾಲದೆ ಹೋಗಬಹುದು. ಸಂಪರ್ಕದೊಡನೆ ಬರುವ ಉಚಿತ ಪೆಟ್ಟಿಗೆಗಳಲ್ಲಿ ಈ ಸೌಲಭ್ಯಗಳು ಸಾಮಾನ್ಯವಾಗಿ ಇರುವುದಿಲ್ಲ. ಅದರ ಹಿಂದೆ ನಮ್ಮದೇ ಒಂದು ರೌಟರನ್ನು ಕೂರಿಸಿಕೊಳ್ಳಬೇಕು.

ಸಂಪರ್ಕವನ್ನು ಮಾರುವವರಿಗೆ

ನಮ್ಮ ತಾಲ್ಲೂಕುಗಳಲ್ಲಿ ಕೇಬಲ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರ ಸ್ಥಿತಿ ಬೇರೆ. ಸ್ವಂತ ಕಟ್ಟಡದ ನೆಟ್‌ವರ್ಕಿಗೆ ಮಾಲೀಕರು ನಿಯಮ ಹಾಕುವುದು ಒಂದು ಮಾತು. ಹಣ ಪಡೆದು ಸಾರ್ವಜನಿಕರಿಗೆ ಸಂಪರ್ಕ ಮಾರುವವರು ದಟ್ಟಣೆಯ ಜಾತಿ ನೋಡಿ ತಡೆಯುವುದು ಇನ್ನೊಂದು ಮಾತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ಮಾಡಿದ ನೆಟ್ ನ್ಯೂಟ್ರಾಲಿಟಿ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರಲ್ಲಿ ಒಪ್ಪಿಕೊಂಡಿದೆ. ವಿಷಯವನ್ನು ನೋಡಿ ತಡೆಯುವುದು, ನಿಧಾನಗೊಳಿಸುವುದು ಪರವಾನಗಿದಾರರಿಗೆ ಸಲ್ಲದು, ಸಮಂಜಸವಾದ ದಟ್ಟಣೆ ನಿರ್ವಹಣೆಗೆ ಮಾತ್ರ ಅವಕಾಶವಿದೆ. ಅಮೆರಿಕದಲ್ಲಿ ಕಾಮ್‌ಕಾಸ್ಟ್ ಕಂಪನಿ 2007ರಲ್ಲಿ ಇಬ್ಬರು ಬಳಕೆದಾರರ ನಡುವೆ ಸಂಪರ್ಕ ಕಡಿಯುವ ಸುಳ್ಳು ಪ್ಯಾಕೆಟ್ಟುಗಳನ್ನು ಸೇರಿಸಿ ಬಿಟ್‌ಟೊರೆಂಟ್ ತಡೆಯುತ್ತಿದ್ದದ್ದು ಬೆಳಕಿಗೆ ಬಂದು, ಮರುವರ್ಷ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ ಅದರ ವಿರುದ್ಧ ಆದೇಶ ಹೊರಡಿಸಿತು. 2010ರಲ್ಲಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿದರೂ ವಾದ ಅಲ್ಲಿಗೆ ನಿಲ್ಲಲಿಲ್ಲ. ಗ್ರಾಹಕರ ನಡುವೆ ಸಮನಾಗಿ ಹಂಚುವ ಸರದಿ ಯಾವ ವಿಷಯವನ್ನೂ ನೋಡುವುದಿಲ್ಲವಾದ್ದರಿಂದ, ಮಾರುವವರಿಗೂ ಅದೇ ಸುರಕ್ಷಿತ ದಾರಿ.

ಆರಿಸಿದ ಮೇಲೆ ಪರೀಕ್ಷಿಸುವುದು

ಯಾವ ದಾರಿ ಹಿಡಿದರೂ ಪರೀಕ್ಷೆಗೆ ಎರಡು ಲ್ಯಾಪ್‌ಟಾಪ್ ಬೇಕು. ಲೈನ್ ಖಾಲಿ ಇರುವಾಗ ಒಂದರಿಂದ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ (ಹೋಗಿ ಬರುವ ಸಮಯ ಅಳೆಯುವ ಸಂದೇಶ) ಬಿಟ್ಟು ಬರುವ ಅಂಕಿಯನ್ನು ಬರೆದುಕೊಳ್ಳಿ. ಇನ್ನೊಂದರಲ್ಲಿ ಉಬುಂಟು ಅಥವಾ ಡೆಬಿಯನ್ ಟೊರೆಂಟನ್ನು ಮೊದಲು ಬಯಲಾಗಿ, ಆಮೇಲೆ ಎನ್‌ಕ್ರಿಪ್ಶನ್ ಕಡ್ಡಾಯ ಮಾಡಿ, ಕೊನೆಗೆ ವಿಪಿಎನ್ ಒಳಗಿನಿಂದ, ಹೀಗೆ ಮೂರು ಸಲ ಓಡಿಸಿ. ಮುಚ್ಚಿದ ಪಟ್ಟಿಯಾದರೆ ಮೊದಲ ಎರಡು ಸಲ ಕಡತ ಇಳಿಯಬಾರದು, ಇಳಿದರೂ ಹನಿ ಹನಿಯಾಗಿ ಮಾತ್ರ. ಹಂಚುವ ದಾರಿಯಾದರೆ ಮೂರೂ ಸಲ ಕಡತ ಇಳಿಯಬೇಕು. ಪಿಂಗ್ ಮಾತ್ರ ಖಾಲಿ ಲೈನಿನ ಅಂಕಿಗಿಂತ 20-30 ಮಿಲಿಸೆಕೆಂಡಿಗಿಂತ ಹೆಚ್ಚು ಏರಬಾರದು. ಅದಕ್ಕೂ ಹೆಚ್ಚು ಏರಿದರೆ ಸರದಿಯ ಮಿತಿಯನ್ನು ಶೇಕಡಾ 5ರಷ್ಟು ಇಳಿಸಿ ಮತ್ತೆ ನೋಡಿ. ಈ ಪರೀಕ್ಷೆಯನ್ನು ಸಂಜೆ ಎಂಟರಿಂದ ಹತ್ತರ ನಡುವೆ ಮಾಡುವುದು ಅಗತ್ಯ, ಏಕೆಂದರೆ ಆ ಹೊತ್ತಿನಲ್ಲಿ ಹೊರಗಿನ ಲೈನೇ ಇಳಿದಿರುವುದುಂಟು. ಮಧ್ಯಾಹ್ನದ ವೇಗಕ್ಕೆ ಹೊಂದಿಸಿದ ಮಿತಿ ರಾತ್ರಿಗೆ ಕೆಲಸ ಮಾಡುವುದಿಲ್ಲ.

ಹೊಂದಿಸಿದ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ರೌಟರಿನ ಪೆಟ್ಟಿಗೆಯೊಳಗೇ ಅಂಟಿಸಿಡಿ: ಸರದಿಯ ಮಿತಿ, ಸಂಪರ್ಕಗಳ ಮಿತಿ, ತೆರೆದ ಪೋರ್ಟುಗಳು, ದಿನಾಂಕ. ವಿದ್ಯಾಗಿರಿಯಲ್ಲಿ ಲೈನನ್ನು 100ರಿಂದ 200 ಎಂಬಿಪಿಎಸ್‌ಗೆ ಏರಿಸಿಕೊಂಡ ತಿಂಗಳು, ಹಣ ಇಮ್ಮಡಿ ಕಟ್ಟಿದರೂ ವೇಗ ಮೊದಲಿನಷ್ಟೇ ಇದೆ ಎಂಬ ದೂರು ಬಂತು. ಮೇಲ್ವಿಚಾರಕರು ಆ ಹಾಳೆಯನ್ನು ಫೋನಿನಲ್ಲಿ ಓದಿ ಹೇಳಿದಾಗ ಕಾರಣ ಸಿಕ್ಕಿತು: ಸರದಿಯ ಮಿತಿ ಇನ್ನೂ 90ರಲ್ಲೇ ಇತ್ತು. ಅದನ್ನು 180 ಮಾಡಿದೆವು.